ಪಂಡಿತಾ ರಮಾಬಾಯಿಯವರೂ ದುಃಖದ ಪ್ರಶ್ನೆಯೂ

ಕೆಲವು ವರ್ಷಗಳ ಹಿಂದೆ ನಾವು ಎಂಟನೆಯ ತರಗತಿಯಲ್ಲಿ ಸತ್ಯವೇದದ ಪಾಠವನ್ನು ಮಾಡುತ್ತಿದ್ದಾಗ ಒಬ್ಬ ಬಾಲಿಕೆಯು ಎದ್ದುನಿಂತು, ದೇವರು ಸರ್ವಶಕ್ತನಾಗಿದ್ದರೆ ಲೋಕದ ದುಃಖವನ್ನೆಲ್ಲಾ ಒಂದೇ ದಿನದಲ್ಲಿ ಏಕೆ ತೆಗೆದುಹಾಕಬಾರದೆಂದು ಕೇಳಿದಳು. ಅವಳ ತಾಯಿ ತೀರಿಹೋಗಿ ಆಗ ಎರಡು ತಿಂಗಳು ಕೂಡ ಆಗಿರಲಿಲ್ಲ. ದೇವರ ಚಿತ್ತವು ಮನುಷ್ಯರ ಬುದ್ಧಿಗೆ ನಿಲುಕತಕ್ಕದ್ದಲ್ಲವೆಂದು ಹೇಳಿ ನಾವು ಮುಂದಿನ ವಚನಕ್ಕೆ ಹೋದೆವು. ಹುಡುಗಿಯು ಕುಳಿತುಕೊಂಡಳು, ಆ ವರ್ಷವೆಲ್ಲಾ ಆ ಪಾಠದಲ್ಲಿ ಪುನಃ ಬಾಯಿ ತೆರೆಯಲಿಲ್ಲ. ನಾವು ಹೇಳಿದ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಅದು ಮಗುವಿನ ಮುಖದ ಮೇಲೆ ಕದವನ್ನು ಮುಚ್ಚಿದಂತಾಯಿತೆಂಬುದು ನಮಗೆ ತಡವಾಗಿ ತಿಳಿದುಬಂದಿತು. ಈ ಸ್ಮರಣ ಸಂಚಿಕೆಗೆ ಒಬ್ಬ ಮಹಾಮಹಿಳೆಯ ಚರಿತ್ರೆಯನ್ನು ಬರೆದುಕೊಡಬೇಕೆಂದು ನಮ್ಮನ್ನು ಕೇಳಿದಾಗ ಆ ಪ್ರಶ್ನೆಯೇ ಮೊದಲು ನೆನಪಿಗೆ ಬಂದಿತು. ಅದನ್ನು ಗ್ರಂಥಗಳಿಂದಲ್ಲ, ಹೊಟ್ಟೆಯ ಹಸಿವಿನಿಂದಲೇ ಕಲಿತವರಾದ ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ಆದಕಾರಣ ಆರಿಸಿಕೊಂಡಿದ್ದೇವೆ.

ರಮಾಬಾಯಿಯವರು ನಮ್ಮ ನಾಡಿನ ಮಗಳೇ. ತುಂಗಾ, ಭದ್ರಾ, ನೇತ್ರಾವತಿ ನದಿಗಳ ಹುಟ್ಟುನೆಲೆಯಾದ ಗಂಗಾಮೂಲದ ಅರಣ್ಯದಲ್ಲಿ ೧೮೫೮ನೆಯ ಇಸವಿ ಏಪ್ರಿಲ್ ೨೩ರಂದು ಅವರು ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಮಹಾ ವಿದ್ವಾಂಸರು, ಆಚಾರದಲ್ಲಿ ಕಟ್ಟುನಿಟ್ಟಾದವರು. ಆದರೆ ಹೆಂಗಸರಿಗೆ ಸಂಸ್ಕೃತವನ್ನು ಕಲಿಸಬಾರದೆಂಬ ಅಂದಿನ ಕಟ್ಟಳೆಯನ್ನು ಮಾತ್ರ ಅವರು ಒಪ್ಪಿದವರಲ್ಲ. ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ತಾವೇ ಕುಳಿತು ಕಲಿಸಿದರು. ಇದಕ್ಕಾಗಿ ಉಡುಪಿಯ ವಿದ್ವತ್ಸಭೆಯ ಮುಂದೆ ನಿಂತು ಶಾಸ್ತ್ರಾಧಾರಗಳಿಂದ ಸಮಾಧಾನ ಹೇಳಬೇಕಾಗಿ ಬಂದಿತು. ನೆರೆಹೊರೆಯವರ ಕಾಟದಿಂದ ಬೇಸತ್ತು ಅಡವಿಯಲ್ಲಿಯೇ ಆಶ್ರಮವನ್ನು ಕಟ್ಟಿಕೊಂಡು ಶಿಷ್ಯರಿಗೂ ಯಾತ್ರಿಕರಿಗೂ ಅನ್ನವಿಟ್ಟು, ಕಡೆಗೆ ಇದ್ದ ಆಸ್ತಿಯೆಲ್ಲಾ ಕರಗಿಹೋಯಿತು. ರಮಾಬಾಯಿಯವರು ಆರು ತಿಂಗಳ ಕೂಸಾಗಿದ್ದಾಗ ಆ ಕುಟುಂಬವು ಮನೆ ಬಿಟ್ಟು ಹೊರಟಿತು. ಆಳಿನ ತಲೆಯ ಮೇಲಿನ ಬೆತ್ತದ ಬುಟ್ಟಿಯೇ ಕೂಸಿನ ತೊಟ್ಟಿಲಾಯಿತು.

ಅಲ್ಲಿಂದ ಮುಂದೆ ಅವರಿಗೆ ಮನೆಯೆಂಬುದು ಇಲ್ಲ. ತೀರ್ಥದಿಂದ ತೀರ್ಥಕ್ಕೆ ನಡೆದು, ದೇವಸ್ಥಾನಗಳಲ್ಲಿ ಪುರಾಣವನ್ನೋದಿ, ಕೇಳಿದವರು ಕೊಟ್ಟದ್ದರಿಂದ ಜೀವನ ಸಾಗುತ್ತಿದ್ದಿತು. ತಂದೆಗೆ ವೃದ್ಧಾಪ್ಯವೂ ದೃಷ್ಟಿಮಾಂದ್ಯವೂ ಬಂದುದರಿಂದ ಮಗಳಿಗೆ ವಿದ್ಯೆಯನ್ನು ಕಲಿಸುವ ಭಾರವು ತಾಯಿಯ ಮೇಲೆ ಬಿದ್ದಿತು. ಸೂರ್ಯೋದಯಕ್ಕೆ ಮುಂಚೆಯೇ ಮಗಳನ್ನು ಎಬ್ಬಿಸಿ ಶ್ಲೋಕಗಳನ್ನು ಹೇಳಿಸುತ್ತಿದ್ದ ಆ ತಾಯಿಯನ್ನು ನಮ್ಮ ಶಾಲೆಯ ಪ್ರತಿಯೊಬ್ಬ ತಾಯಿಯೂ ನೆನೆಯಬೇಕು. ಭಾಗವತವನ್ನು ರಮಾಬಾಯಿಯವರು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ್ದರು.

೧೮೭೪ರ ಸುಮಾರಿಗೆ ಮದರಾಸು ಆಧಿಪತ್ಯದ ಸೀಮೆಗಳಲ್ಲಿ ಸಂಚರಿಸುತ್ತಿದ್ದಾಗ ಕ್ಷಾಮವು ಅವರನ್ನು ಹಿಡಿಯಿತು. ಉಳಿದಿದ್ದ ಹಣವನ್ನು ದೇವತಾಪ್ರೀತಿಗಾಗಿ ದಾನಧರ್ಮಗಳಿಗೆ ವೆಚ್ಚ ಮಾಡಿದರು. ಉಪವಾಸ, ಜಪ, ಪ್ರದಕ್ಷಿಣೆಗಳಲ್ಲಿ ಯಾವುದನ್ನೂ ಬಿಡಲಿಲ್ಲ. ಹಣವು ತೀರಿತು, ಪಾತ್ರೆಗಳೂ ಬಟ್ಟೆಗಳೂ ಮಾರಿಹೋದವು. ಕೂಲಿ ಮಾಡಲು ಕಲಿತವರಲ್ಲ. ಬೇಡಲು ಅಭಿಮಾನವು ಬಿಡಲಿಲ್ಲ. ಹನ್ನೊಂದು ಹಗಲು ಹನ್ನೊಂದು ರಾತ್ರಿ ನೀರಿನಲ್ಲಿಯೂ ಮರದೆಲೆಗಳಲ್ಲಿಯೂ ಜೀವವನ್ನು ಹಿಡಿದುಕೊಂಡರು. ತಂದೆಯು ಮಗಳನ್ನು ಅಪ್ಪಿಕೊಂಡು, ಆಕೆಯನ್ನು ದೇವರ ಕೈಗೆ ಒಪ್ಪಿಸಿರುವುದಾಗಿ ತಿಳಿಸಿ, ಕೆಲವು ದಿನಗಳಲ್ಲಿ ತೀರಿಹೋದರು. ಅನಂತರ ತಾಯಿಯ ಸರದಿ. ಆಕೆಯ ಹಸಿವಿನ ಕೂಗನ್ನು ಕೇಳಲಾರದೆ ರಮಾಬಾಯಿಯವರು ನೆರೆಮನೆಯ ಬಾಗಿಲಲ್ಲಿ ನಿಂತರೆಂದೂ, ನಾಚಿಕೆಯಿಂದ ಮಾತೇ ಹೊರಡಲಿಲ್ಲವೆಂದೂ, ಅಲ್ಲಿ ಕೊಟ್ಟ ರೊಟ್ಟಿಯನ್ನು ತಿನ್ನುವ ಶಕ್ತಿ ತಾಯಿಗೆ ಉಳಿದಿರಲಿಲ್ಲವೆಂದೂ ತಿಳಿಯುತ್ತೇವೆ. ಹೆಣವನ್ನು ಹೊರಲು ಅಣ್ಣನೊಡನೆ ಇಬ್ಬರು ಮಾತ್ರ ಬಂದರು. ನಾಲ್ಕನೆಯವಳು ಮಗಳೇ. ಎತ್ತರವು ಸಾಲದೆ ಆಕೆಯು ಚಟ್ಟದ ಮೂಲೆಯನ್ನು ಹೆಗಲಿಗೆ ಬದಲಾಗಿ ತಲೆಯ ಮೇಲೆ ಹೊತ್ತು ಸುಮಾರು ಮೂರು ಮೈಲು ನಡೆದಳು. ಸ್ವಲ್ಪ ಕಾಲದಲ್ಲಿ ಅಕ್ಕನೂ ಹೋದಳು.

ಉಳಿದ ಅಣ್ಣ ಶ್ರೀನಿವಾಸನೂ ತಂಗಿಯೂ ದಕ್ಷಿಣದಿಂದ ಕಾಶ್ಮೀರದ ವರೆಗೂ ಕಾಲ್ನಡೆಯಿಂದ ಅಲೆದರು. ಝೇಲಂ ನದಿಯ ದಂಡೆಯಲ್ಲಿ ಚಳಿಯನ್ನು ತಾಳಲಾರದೆ ಮರಳಿನಲ್ಲಿ ಗುಳಿಗಳನ್ನು ತೋಡಿ, ತಲೆಯನ್ನು ಮಾತ್ರ ಹೊರಗಿಟ್ಟು, ಮೈಮೇಲೆ ಮರಳನ್ನೆಳೆದುಕೊಂಡು ಮಲಗಿದ ರಾತ್ರಿಗಳೂ ಉಂಟು. ಶಾಸ್ತ್ರದಲ್ಲಿ ಹೇಳಿದುದನ್ನೆಲ್ಲಾ ನಡಿಸಿಯೂ ದೇವತೆಗಳು ಮೌನವಾಗಿದ್ದ ಮೇಲೆ ಹಿಂದಿನ ನಂಬಿಕೆಯು ಅವರಲ್ಲಿ ನಿಲ್ಲಲಿಲ್ಲ. ಇದರಲ್ಲಿ ಒಂದು ಧರ್ಮದವರು ಮತ್ತೊಂದು ಧರ್ಮದವರನ್ನು ನೋಡಿ ಹಿಗ್ಗತಕ್ಕ ಕಾರಣವಿಲ್ಲ. ಅದೇ ಶತಮಾನದಲ್ಲಿ ಐರ್ಲೆಂಡಿನ ಕ್ಷಾಮದಲ್ಲಿ ಕ್ರೈಸ್ತರೂ ದೇವರನ್ನು ಕೂಗಿ ಕೂಗಿ ಹಸಿವಿನಿಂದಲೇ ಸತ್ತರು. ಉತ್ತರ ಬಾರದ ಪ್ರಾರ್ಥನೆಯು ಎಲ್ಲಾ ಮತಗಳವರ ಮನೆಗಳಲ್ಲಿಯೂ ಇದೆ.

೧೮೭೮ರಲ್ಲಿ ಅಣ್ಣತಂಗಿಯರು ಕಲ್ಕತ್ತೆಯನ್ನು ಸೇರಿದರು. ಇಪ್ಪತ್ತು ವರುಷದ ತರುಣಿಯ ಸಂಸ್ಕೃತ ಪಾಂಡಿತ್ಯಕ್ಕೆ ಅಲ್ಲಿಯ ವಿದ್ವಾಂಸರು ಬೆರಗಾಗಿ, ಪಂಡಿತಾ ಎಂತಲೂ ಸರಸ್ವತಿ ಎಂತಲೂ ಬಿರುದನ್ನಿತ್ತರು. ಸನ್ಮಾನದ ಹಿಂದೆಯೇ ದುಃಖವೂ ಬಂದಿತು. ೧೮೮೦ರಲ್ಲಿ ಅಣ್ಣನು ಗತಿಸಿದನು. ಅದೇ ವರ್ಷ ಬಂಗಾಳಿ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾದರು. ಮರುವರ್ಷ ಮನೋರಮಾ ಎಂಬ ಮಗಳು ಹುಟ್ಟಿದಳು. ೧೮೮೨ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಯಿಂದ ಮೃತರಾದರು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಎಳೆಗೂಸಿನೊಡನೆ ರಮಾಬಾಯಿಯವರು ವಿಧವೆಯಾಗಿ ನಿಂತರು.

ಅವರು ಪೂನಾಕ್ಕೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದರು. ೧೮೮೩ರಲ್ಲಿ ಇಂಗ್ಲೆಂಡಿಗೆ ಹೋದರು. ವೈದ್ಯವಿದ್ಯೆಯನ್ನು ಕಲಿಯಬೇಕೆಂದಿದ್ದವರಿಗೆ ಕಿವುಡುತನವು ಅಡ್ಡಬಂದಿತು. ವಾಂಟೇಜಿನ ಸನ್ಯಾಸಿನಿಯರ ಆಶ್ರಯದಲ್ಲಿದ್ದಾಗ, ಲಂಡನ್ನಿನಲ್ಲಿ ದಾರಿತಪ್ಪಿದ ಸ್ತ್ರೀಯರಿಗಾಗಿ ಅವರು ನಡಿಸುತ್ತಿದ್ದ ಮನೆಯೊಂದನ್ನು ನೋಡಿದರು. ಸಮಾಜವು ಹೊರಗೆ ದೂಡಿದವರನ್ನು ಈ ಹೆಂಗಸರು ಏಕೆ ಒಳಗೆ ಕರೆಯುತ್ತಾರೆಂದು ವಿಚಾರಿಸಿದಾಗ ಸಮಾರ್ಯದ ಸ್ತ್ರೀಯ ವೃತ್ತಾಂತವನ್ನು ಕೇಳಿದರು. ತರ್ಕವು ಬಿಡಿಸದ ಗಂಟನ್ನು ಈ ಕರುಣೆಯು ಸಡಿಲಿಸಿತು. ಆ ವರ್ಷ ಸೆಪ್ಟೆಂಬರ್ ೨೯ರಂದು ತಾಯಿಯೂ ಮಗಳೂ ದೀಕ್ಷಾಸ್ನಾನವನ್ನು ಹೊಂದಿದರು. ೧೮೮೬ರಲ್ಲಿ ಅಮೆರಿಕಕ್ಕೆ ಹೋಗಿ, ಉಚ್ಚ ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥವನ್ನು ಮರುವರ್ಷ ಪ್ರಕಟಿಸಿದರು. ಅಲ್ಲಿಯವರು ಸಂಘವನ್ನು ಕಟ್ಟಿ ಹತ್ತು ವರ್ಷಗಳ ಧನಸಹಾಯವನ್ನು ವಾಗ್ದಾನ ಮಾಡಿದರು.

೧೮೮೯ನೆಯ ಮಾರ್ಚಿ ೧೧ರಂದು ಬೊಂಬಾಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವು ತೆರೆಯಲ್ಪಟ್ಟಿತು. ಮರುವರ್ಷ ಪೂನಾಕ್ಕೆ ಸ್ಥಳಾಂತರವಾಯಿತು. ಅಲ್ಲಿ ಕಲಿತ ಗೋದೂಬಾಯಿಯವರೇ ಅನಂತರ ಧೋಂಡೋ ಕೇಶವ ಕರ್ವೆಯವರ ಪತ್ನಿಯಾಗಿ ವಿಧವೆಯರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ೧೮೯೩ರಲ್ಲಿ ಸದನದ ಹುಡುಗಿಯರು ಕ್ರೈಸ್ತ ಧರ್ಮದ ಕಡೆಗೆ ಸೆಳೆಯಲ್ಪಡುತ್ತಾರೆಂದು ದೊಡ್ಡ ವಿವಾದವೆದ್ದು, ಪೋಷಕರು ಅನೇಕ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಹೆತ್ತವರ ಆತಂಕವು ಸುಲಭವಾಗಿ ತಳ್ಳಿಬಿಡತಕ್ಕದ್ದಲ್ಲವೆಂದು ನಾವು ತಿಳಿದಿದ್ದೇವೆ.

ಈ ಚರಿತ್ರೆಯ ಹೃದಯವು ೧೮೯೬ರಲ್ಲಿದೆ. ಆ ವರ್ಷ ಮಧ್ಯಪ್ರಾಂತದಲ್ಲಿ ಮಳೆ ತಪ್ಪಿ ಘೋರ ಕ್ಷಾಮವಾಯಿತು. ಸುದ್ದಿಯನ್ನು ಕೇಳಿದ ರಮಾಬಾಯಿಯವರಿಗೆ ಇಪ್ಪತ್ತೆರಡು ವರ್ಷಗಳ ಹಿಂದಿನ ಮರದೆಲೆಗಳು ನೆನಪಾದುವು. ಅಮೆರಿಕದ ಸಹಾಯದ ಅವಧಿಯು ಮುಗಿಯುತ್ತಾ ಬಂದಿದ್ದಿತು. ಆದರೂ ಹೊರಟರು. ಪರಿಹಾರದ ಶಿಬಿರಗಳಲ್ಲಿ ಎಲುಬಿನ ಗೂಡುಗಳಂತಿದ್ದ ಮಕ್ಕಳನ್ನೂ, ಅನಾಥ ಹುಡುಗಿಯರನ್ನು ಪುಸಲಾಯಿಸಿ ಸಾಗಿಸಲು ಕಾದಿದ್ದ ದುರ್ಜನರನ್ನೂ ಕಂಡರು. ಸುಮಾರು ೩೦೦ ಮಂದಿ ಹುಡುಗಿಯರನ್ನೂ ಸ್ತ್ರೀಯರನ್ನೂ ಅಲ್ಲಿಂದ ಬಿಡಿಸಿ ತಂದರು. ಪೂನಾದಲ್ಲಿ ಆಗ ಮಾರಿಬೇನೆಯ ನಿರ್ಬಂಧಗಳಿದ್ದುದರಿಂದ, ಅಲ್ಲಿಗೆ ಸುಮಾರು ೩೪ ಮೈಲು ದೂರದ ಕೇಡಗಾಂವಿನಲ್ಲಿ ತಾವು ಕೊಂಡಿದ್ದ ಹೊಲದಲ್ಲಿ ಅವರನ್ನಿರಿಸಿದರು. ಆ ಹೊಲವೇ ಮುಕ್ತಿ ಸದನವಾಯಿತು. ೧೯೦೦ರಲ್ಲಿ ಗುಜರಾತಿನ ಕ್ಷಾಮದಿಂದಲೂ ನೂರಾರು ಮಂದಿ ಬಂದು ಸಂಖ್ಯೆಯು ಎರಡು ಸಾವಿರದ ಹತ್ತಿರ ಹತ್ತಿರ ಏರಿತು. ನೇಯ್ಗೆ, ಅಚ್ಚುಕೂಟ, ಎಣ್ಣೆಗಾಣ, ಬೇಸಾಯ, ಉಪಾಧ್ಯಾಯವೃತ್ತಿಗಳನ್ನು ಅಲ್ಲಿ ಕಲಿಸಿದರು; ಕುರುಡಿಯರಿಗೂ, ದಾರಿತಪ್ಪಿದವರಿಗೂ ಬೇರೆ ಬೇರೆ ಮನೆಗಳಾದುವು. ಕೂಲಿಯನ್ನು ಕಲಿಯದೆ ಹಸಿದು ಸತ್ತ ಮನೆತನದ ಮಗಳು ತನ್ನ ಮಕ್ಕಳಲ್ಲಿ ಒಬ್ಬಳೂ ಕೈಕೆಲಸವಿಲ್ಲದೆ ಹೊರಗೆ ಹೋಗದಂತೆ ನೋಡಿಕೊಂಡರು.

೧೯೧೨ರಲ್ಲಿ ಆಗಿನ ನಿಜಾಮ ಸಂಸ್ಥಾನದ ಗುಲ್ಬರ್ಗದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಒಂದು ಕ್ರೈಸ್ತ ಶಾಲೆಯೂ ಆರಂಭವಾಗಿ ಮನೋರಮೆಯವರು ಅದನ್ನು ನಡಿಸಿದರು. ಹೀಗೆ ಅಡವಿಯಲ್ಲಿ ಹೊರಟ ದಾರಿಯು ಕನ್ನಡನಾಡಿಗೆ ತಿರುಗಿ ಬಂದಿತು. ಆದರೆ ೧೯೨೧ರ ಜುಲೈಯಲ್ಲಿ ಈ ಒಬ್ಬಳೇ ಮಗಳೂ ತಾಯಿಗಿಂತ ಮುಂಚೆ ಹೊರಟುಹೋದಳು. ಅಷ್ಟು ದೊಡ್ಡ ಸಂಸಾರದ ತಾಯಿಯು ತನ್ನ ಸ್ವಂತ ಕೂಸನ್ನು ಉಳಿಸಿಕೊಳ್ಳಲಾರದೆ ಹೋದರು. ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು ಸಾಮಾನ್ಯ ಸ್ತ್ರೀಯರಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸುವ ಕೆಲಸವನ್ನು ಮುಗಿಸಿ, ೧೯೨೨ನೆಯ ಏಪ್ರಿಲ್ ೫ರಂದು ರಮಾಬಾಯಿಯವರೂ ಕಣ್ಮುಚ್ಚಿದರು.

ಈಗ ಆ ಪ್ರಶ್ನೆಗೆ ಹಿಂದಿರುಗುವೆವು. ರಮಾಬಾಯಿಯವರು ಹಸಿದುದರಿಂದಲೇ ೩೦೦ ಮಂದಿ ಉಳಿದರು; ಆದುದರಿಂದ ಆ ಹಸಿವು ದೇವರು ಕಳುಹಿಸಿದ ಪಾಠವೆಂದು ಕೆಲವರು ಹೇಳುವರು. ನಾವು ಹಾಗೆ ಹೇಳಲಾರೆವು. ಒಬ್ಬ ಮಗಳಿಗೆ ಪಾಠವಾಗಲೆಂದು ತಾಯಿಯನ್ನು ಉಪವಾಸದಿಂದ ಕೊಲ್ಲುವ ಉಪಾಧ್ಯಾಯನನ್ನು ಯಾವ ಶಾಲೆಯೂ ಇಟ್ಟುಕೊಳ್ಳದು. ಯೋಬನ ಸ್ನೇಹಿತರು ಇಂಥ ಸಮಾಧಾನಗಳನ್ನೇ ಹೇಳಿ ಕಡೆಗೆ ದೇವರಿಂದಲೇ ತಪ್ಪಿತಸ್ಥರೆನಿಸಿಕೊಂಡರೆಂಬುದನ್ನು ಮರೆಯಬಾರದು.

ಮತ್ತೆ ಕೆಲವರು ದುಃಖವೆಲ್ಲಾ ಮನುಷ್ಯರ ಸ್ವಾತಂತ್ರ್ಯದ ಫಲವೆನ್ನುವರು. ಇದರಲ್ಲಿ ದೊಡ್ಡ ಸತ್ಯಾಂಶವಿದೆ. ಬಾಲವಿಧವೆಯ ಬೋಳಿಸಿದ ತಲೆಯೂ, ಕ್ಷಾಮದಲ್ಲಿ ಹುಡುಗಿಯರನ್ನು ಮಾರುವ ಅಂಗಡಿಯೂ ಮನುಷ್ಯರು ಮಾಡಿದವೇ. ತಪ್ಪುಮಾಡುವ ಪ್ರತಿಯೊಂದು ಕೈಯನ್ನೂ ದೇವರು ಹಿಡಿದು ನಿಲ್ಲಿಸಿದರೆ, ರೊಟ್ಟಿ ಕೊಡುವ ಕೈಯೂ ಕೇವಲ ಯಂತ್ರದ ಕೈಯಾಗುವುದು. ಆದರೆ ತಪ್ಪಿಹೋದ ಮಳೆಯು ಯಾರ ಸ್ವಾತಂತ್ರ್ಯ? ವಾಂತಿಭೇದಿಯು ಯಾರ ಪಾಪ? ರಮಾಬಾಯಿಯವರ ಪತಿಯು ಸತ್ತ ಎರಡೇ ವರ್ಷಗಳಲ್ಲಿ, ೧೮೮೪ರಲ್ಲಿ, ಕಾಖ್ ಎಂಬ ಜರ್ಮನ್ ವೈದ್ಯರು ಕಲ್ಕತ್ತೆಯಲ್ಲಿಯೇ ಆ ರೋಗದ ಸೂಕ್ಷ್ಮಾಣುವನ್ನು ಗುರುತಿಸಿದರು. ಇಂದು ಶುದ್ಧವಾದ ನೀರೂ, ಉಪ್ಪುಸಕ್ಕರೆ ಬೆರಸಿದ ಪಾನಕವೂ ಅದರ ರೋಗಿಗಳಲ್ಲಿ ಬಹುಮಂದಿಯನ್ನು ಉಳಿಸುತ್ತವೆ. ಇಷ್ಟು ಸುಲಭವಾದ ಮದ್ದು ಅಷ್ಟು ತಡವಾಗಿ ತಿಳಿದದ್ದೇಕೆಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಇಲ್ಲವೆಂದು ಒಪ್ಪಿಕೊಳ್ಳುವುದು ಅವಿಶ್ವಾಸವಲ್ಲವೆಂದು ನಾವು ಈಗ ನಂಬಿದ್ದೇವೆ.

ರಮಾಬಾಯಿಯವರು ಕಂಡುಕೊಂಡದ್ದು ಸಿದ್ಧಾಂತವಲ್ಲ, ಒಂದು ಸಾಂಗತ್ಯ. ಸರ್ವಶಕ್ತನು ದುಃಖವನ್ನು ದೂರದಿಂದ ನೋಡುವವನಾಗಿರದೆ ತಾನೇ ಶಿಲುಬೆಯ ವರೆಗೂ ಅದರೊಳಗೆ ಇಳಿದುಬಂದನೆಂಬ ವಿಶ್ವಾಸವು ಅವರಿಗೆ ಸಾಕಾಯಿತು. ಆ ವಿಶ್ವಾಸವಿಲ್ಲದವರೂ ಅವರ ಜೀವಿತದಿಂದ ಒಂದನ್ನು ಕಲಿಯಬಹುದು. ದೇವರು ಏಕೆ ತೆಗೆಯಲಿಲ್ಲವೆಂಬ ಪ್ರಶ್ನೆಯನ್ನು ಅವರು ಹೊತ್ತುಕೊಂಡೇ, ತಮ್ಮ ಕೈಗೆ ನಿಲುಕಿದಷ್ಟನ್ನು ತೆಗೆಯಲು ಹೊರಟರು. ಉತ್ತರ ಬರುವ ವರೆಗೂ ಕಾದಿದ್ದರೆ ಮಧ್ಯಪ್ರಾಂತಕ್ಕೆ ಹೋಗುವ ಗಾಡಿಯು ತಪ್ಪಿಹೋಗುತ್ತಿದ್ದಿತು.

ಆ ಬಾಲಿಕೆಯು ಶಾಲೆ ಬಿಡುವುದಕ್ಕೆ ಮುಂಚೆ ನಾವು ಅವಳನ್ನು ಕೋಣೆಗೆ ಕರೆದು, ಅಂದು ಅವಸರದಿಂದ ಮಾತನಾಡಿದೆವೆಂದು ಒಪ್ಪಿಕೊಂಡು, ಈ ಚರಿತ್ರೆಯನ್ನು ಹೇಳಿದೆವು. ಎಲ್ಲವನ್ನೂ ಕೇಳಿ ಅವಳು, ರಮಾಬಾಯಿಯವರಿಗೆ ಸಿಕ್ಕದೆ ಹೋದ ಹುಡುಗಿಯರ ಗತಿಯೇನಾಯಿತೆಂದು ಕೇಳಿದಳು. ಈ ಸಾರಿ ನಾವು ಮುಂದಿನ ವಚನಕ್ಕೆ ಹೋಗಲಿಲ್ಲ. ಸಂಜೆಯ ಗಂಟೆ ಹೊಡೆಯುವ ವರೆಗೂ ಅವಳ ಪಕ್ಕದಲ್ಲಿ ಕುಳಿತಿದ್ದು, ಅವಳ ತಾಯಿಯ ಸಂಗತಿಗಳನ್ನು ಅವಳ ಬಾಯಿಂದಲೇ ಕೇಳಿದೆವು.

ಹಳೆಯ ವಿದ್ಯಾರ್ಥಿನಿಯರೇ, ಪೂಜ್ಯರಾದ ತಾಯಿತಂದೆಗಳೇ, ನಿಮ್ಮ ಮನೆಯ ಮಕ್ಕಳೂ ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಕೇಳುವರು. ಗದರಿಸಿ ಕೂಡಿಸಬೇಡಿರಿ, ಸಿದ್ಧವಾದ ಉತ್ತರವನ್ನು ಕೊಟ್ಟು ಕಳುಹಿಸಲೂ ಬೇಡಿರಿ. ಮಗುವನ್ನು ಹತ್ತಿರ ಕುಳ್ಳಿರಿಸಿಕೊಂಡು ಕೇಳಿರಿ. ಅನಂತರ ಅದರ ಕೈ ಹಿಡಿದು, ನೆರೆಯಲ್ಲಿ ಯಾರ ಮನೆಯ ಒಲೆ ಹೊತ್ತಿಲ್ಲವೋ ಅಲ್ಲಿಗೆ ಕರೆದುಕೊಂಡು ಹೋಗಿರಿ.