ಹತ್ತು ಗೇರಿನ ಸೈಕಲ್ಲೂ, ಅದನ್ನು ನೋಡದೇ ಹೋದ ಇಗ್ನಾಜ್ ಶ್ವಿನ್ನೂ

ಅಮೆರಿಕದಲ್ಲಿ 1960, 70ರ ದಶಕದಲ್ಲಿ ಬೆಳೆದವರು ತಮ್ಮ ಹುಡುಗಾಟದ ಸೈಕಲ್ ನೆನೆಸಿಕೊಂಡಾಗ ಮತ್ತೆ ಮತ್ತೆ ಬರುವ ಹೆಸರು ಶ್ವಿನ್ ವಾರ್ಸಿಟಿ. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್, ಮುಂದೆ ಎರಡು ಹಲ್ಲುಚಕ್ರ, ಹಿಂದೆ ಐದು. ಎರಡೈದ್ಲಿ ಹತ್ತು. ಅದಕ್ಕೇ ಅದು ಟೆನ್ ಸ್ಪೀಡ್. ಈ ಹಳಹಳಿಕೆಯ ಜೊತೆಗೆ ಒಂದು ರಾಜಕೀಯವೂ ಮೆಲ್ಲಗೆ ಬರುತ್ತೆ: ಆಗ ಎಲ್ಲವನ್ನೂ ನಮ್ಮ ದೇಶದಲ್ಲೇ, ನಮ್ಮ ಜನವೇ ಮಾಡ್ತಿದ್ರು, ಆಮೇಲೆ ಹೊರಗಿನವರು ಬಂದು ಕೆಡಿಸಿದ್ರು ಅನ್ನೋದು. ನನ್ನ ತಕರಾರು ಇರೋದು ಅಲ್ಲಿ. ಆ ಸೈಕಲ್ಲಿನ ಮೇಲೆ ಯಾರ ಹೆಸರಿದೆಯೋ ಅವನ ಬದುಕನ್ನೇ ಒಮ್ಮೆ ನೋಡೋಣ.

ಇಗ್ನಾಜ್ ಶ್ವಿನ್ ಹುಟ್ಟಿದ್ದು 1860ರಲ್ಲಿ, ಜರ್ಮನಿಯ ಬಾಡೆನ್ ಸೀಮೆಯ ಹಾರ್ಡ್‌ಹೈಮ್‌ನಲ್ಲಿ. ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡ. ಹುಡುಗ ಯಂತ್ರದ ಕೆಲಸ ಕಲಿತು, ಊರಿಂದೂರಿಗೆ ಕೂಲಿ ಮೆಕ್ಯಾನಿಕ್ ಆಗಿ ಅಲೆದ. ಫ್ರಾಂಕ್‌ಫರ್ಟ್‌ನಲ್ಲಿ ಸೈಕಲ್ ತಯಾರಿಸುತ್ತಿದ್ದ ಹೈನ್ರಿಕ್ ಕ್ಲೇಯರ್ ಬಳಿ ಕೆಲಸ ಸಿಕ್ಕ ಮೇಲೆ ಕೈ ಕುದುರಿತು. 1891ರಲ್ಲಿ ಷಿಕಾಗೋಗೆ ಹೊರಟ. ಅಂದ್ರೆ ಇವತ್ತಿನ ಭಾಷೆಯಲ್ಲಿ ವಲಸಿಗ.

ಅಲ್ಲಿ ಬೇರೆಯವರ ಕಾರ್ಖಾನೆಗಳಲ್ಲಿ ದುಡಿದು, 1895ರಲ್ಲಿ ಅಡಾಲ್ಫ್ ಅರ್ನಾಲ್ಡ್ ಎಂಬ ಮಾಂಸದ ವ್ಯಾಪಾರಿಯ ದುಡ್ಡು, ತನ್ನ ಕೈಚಳಕ ಸೇರಿಸಿ ಅರ್ನಾಲ್ಡ್, ಶ್ವಿನ್ ಅಂಡ್ ಕಂಪನಿ ಶುರು ಮಾಡಿದ. ಸೈಕಲ್ ಹುಚ್ಚು ನೆತ್ತಿಗೇರಿದ್ದ ಕಾಲ ಅದು. ಹತ್ತೇ ವರ್ಷದಲ್ಲಿ ಹುಚ್ಚು ಇಳಿಯಿತು, ಸೈಕಲ್ ಕಂಪನಿಗಳು ಸಾಲಾಗಿ ಮುಳುಗಿದವು. ಶ್ವಿನ್ ಉಳಿದ. 1908ರಲ್ಲಿ ಅರ್ನಾಲ್ಡ್‌ನ ಪಾಲನ್ನೂ ಕೊಂಡ. ಆಮೇಲೆ ಎಕ್ಸೆಲ್ಸಿಯರ್, ಹೆಂಡರ್ಸನ್ ಮೋಟಾರ್‌ಸೈಕಲ್ ಕಂಪನಿಗಳನ್ನೂ ಕೊಂಡು ದೊಡ್ಡ ಕುಳವಾದ. ಮಹಾ ಆರ್ಥಿಕ ಕುಸಿತ ಬಂತು ನೋಡಿ, 1931ರಲ್ಲಿ ಮೋಟಾರ್‌ಸೈಕಲ್ ತಯಾರಿಯನ್ನು ಒಂದೇ ಏಟಿಗೆ ನಿಲ್ಲಿಸಿಬಿಟ್ಟ. ದುಡ್ಡು ಉಳಿಸಿಕೊಳ್ಳುವ ಚಾಣಾಕ್ಷತನ ಅಂತ ಇದನ್ನು ಹೊಗಳುವವರಿದ್ದಾರೆ. ಆ ಏಟು ಕೆಲಸದಾಳುಗಳ ಮೇಲೂ ಬಿತ್ತಲ್ಲ ಅಂತ ನನಗನ್ನಿಸುತ್ತೆ.

ಆಗ ಶ್ವಿನ್ ಸೈಕಲ್‌ಗಳ ಮೇಲೆ ಎಷ್ಟೋ ಸಲ ಶ್ವಿನ್ ಹೆಸರೇ ಇರುತ್ತಿರಲಿಲ್ಲ. ಮಾರುವ ದೊಡ್ಡ ಅಂಗಡಿ ತನ್ನದೇ ಹೆಸರು ಅಂಟಿಸಿಕೊಳ್ಳುತ್ತಿತ್ತು. ಇದನ್ನು ಬದಲಿಸಿದ್ದು ಮಗ ಫ್ರಾಂಕ್. 1933ರಲ್ಲಿ ಆತ ತಂದ ದಪ್ಪ ಬಲೂನ್ ಟೈರಿನ ಸೈಕಲ್ ಅಮೆರಿಕನ್ ಮಕ್ಕಳ ಸೈಕಲ್ಲಿನ ಚಹರೆಯನ್ನೇ ಬದಲಿಸಿತು. ಆ ಟೈರಿನ ಉಪಾಯವೂ ಆತ ಜರ್ಮನಿಯಲ್ಲಿ ನೋಡಿ ಬಂದದ್ದು. ಇಗ್ನಾಜ್ 1948ರಲ್ಲಿ ತೀರಿಕೊಂಡ. ಹತ್ತು ಗೇರಿನ ವಾರ್ಸಿಟಿಯನ್ನು ನೋಡಲೇ ಇಲ್ಲ. ಅದು ಬಂದದ್ದು 1960ರ ದಶಕದ ಆರಂಭದಲ್ಲಿ.

ಎಂಜಿನಿಯರಿಂಗ್ ಓದಿದ ಚಟ, ವಾರ್ಸಿಟಿಯನ್ನು ಸ್ವಲ್ಪ ಬಿಚ್ಚಿ ನೋಡದೇ ಇರಲಾರೆ. ಯುರೋಪಿನ ರೇಸ್ ಸೈಕಲ್‌ಗಳಲ್ಲಿ ತೆಳ್ಳನೆ ಪೈಪುಗಳನ್ನು ಹಿತ್ತಾಳೆಯಿಂದ ಕೈಯಲ್ಲೇ ಬೆಸೆಯುತ್ತಿದ್ದರು. ಶ್ವಿನ್‌ನವರು ವಿದ್ಯುತ್ತಿನಿಂದ ಉಕ್ಕಿನ ತುದಿಗಳನ್ನು ಕಾಯಿಸಿ, ಒತ್ತಿ ಒಂದು ಮಾಡುವ ಯಂತ್ರ ಇಟ್ಟುಕೊಂಡಿದ್ದರು. ಅದಕ್ಕೆ ದಪ್ಪ ಉಕ್ಕೇ ಬೇಕು. ಹಾಗಾಗಿ ಸೈಕಲ್ ತೂಕ ಸುಮಾರು 17 ಕೆಜಿ. ನೋಡೋಕೆ ರೇಸ್ ಕುದುರೆ, ಎತ್ತಿದರೆ ಎಮ್ಮೆ. ಆದರೆ ಮುರಿಯುತ್ತಿರಲಿಲ್ಲ, ಹುಡುಗರಿಗೆ ಬೇಕಿದ್ದದ್ದೂ ಅದೇ. ಇನ್ನು ಗೇರ್ ಬದಲಿಸುವ ಡೀರೇಲರ್? ಅದು ಫ್ರಾನ್ಸಿನ ಹ್ಯೂರೆ ಕಂಪನಿಯದು, ಮುಂದೆ ಅದರ ಮೇಲೆ ಶ್ವಿನ್ ಮುದ್ರೆ ಬಿತ್ತು ಅಷ್ಟೇ. ಅಪ್ಪಟ ಅಮೆರಿಕನ್ ಅಂತ ನೆನೆಸುವ ಸೈಕಲ್ಲಿನ ಮುಖ್ಯ ಚಮತ್ಕಾರವೇ ಹೊರಗಿನದು.

1973ರಲ್ಲಿ ಅಮೆರಿಕದಲ್ಲಿ ಸುಮಾರು 1.5 ಕೋಟಿ ಸೈಕಲ್ ಮಾರಾಟವಾದವು. ಶ್ವಿನ್ ಮನೆತನಕ್ಕೆ ಅದು ಸುಗ್ಗಿ. ಆದರೂ ಹಳೆಯ ಕಾರ್ಖಾನೆಗೆ, ಹಗುರ ಸೈಕಲ್ ಮಾಡುವ ಹೊಸ ಯಂತ್ರಗಳಿಗೆ ಬೇಕಾದಷ್ಟು ಬಂಡವಾಳ ಸುರಿಯಲಿಲ್ಲ. 1980ರಲ್ಲಿ ಷಿಕಾಗೋದ ಕಾರ್ಮಿಕರು ಯುನೈಟೆಡ್ ಆಟೋ ವರ್ಕರ್ಸ್ ಸಂಘ ಸೇರಿ ಮುಷ್ಕರ ಹೂಡಿದರು. ಆಗ ಕಂಪನಿ ನಡೆಸುತ್ತಿದ್ದವನು ಇಗ್ನಾಜ್‌ನ ಮರಿಮೊಮ್ಮಗ. ಮುಷ್ಕರದ ಹೊತ್ತಲ್ಲಿ ಕಂಪನಿ ತೈವಾನಿನ ಜೈಂಟ್ ಕಂಪನಿಯ ಮೇಲೆ ಹೆಚ್ಚು ಹೆಚ್ಚು ಆತುಕೊಂಡಿತು, ಸಂಘಗಳು ದುರ್ಬಲವಾಗಿದ್ದ ಮಿಸಿಸಿಪ್ಪಿಯ ಗ್ರೀನ್‌ವಿಲ್‌ನಲ್ಲಿ ಹೊಸ ಕಾರ್ಖಾನೆ ತೆರೆಯಿತು, ಷಿಕಾಗೋದ್ದನ್ನು ಕೆಲವೇ ವರ್ಷದಲ್ಲಿ ಮುಚ್ಚಿತು. ಸಂಘ ಕಟ್ಟಿದ್ದರಿಂದಲೇ ಕಾರ್ಖಾನೆ ಹೋಯ್ತು ಅನ್ನುವವರು, ಅದಕ್ಕೂ ಮುಂಚಿನ ವರ್ಷಗಳಲ್ಲಿ ಮಾಲೀಕರು ಏನು ಮಾಡ್ತಿದ್ರು ಅಂತಲೂ ಹೇಳಬೇಕು. ಊರೂರು ಅಲೆದ ಕೂಲಿ ಮೆಕ್ಯಾನಿಕ್ ಕಟ್ಟಿದ ಕಂಪನಿ ತನ್ನ ಕೂಲಿಗಳ ಜೊತೆ ಮಾತಾಡಿ ಬಾಳುವುದಕ್ಕಿಂತ ಊರು ಬಿಡುವುದೇ ಮೇಲು ಅಂದುಕೊಂಡಿತು.

ಗ್ರೀನ್‌ವಿಲ್ ಕಾರ್ಖಾನೆ 1991ರಲ್ಲಿ ಮುಚ್ಚಿತು. ಮಾರನೇ ವರ್ಷ ಕಂಪನಿ ದಿವಾಳಿ ಅರ್ಜಿ ಹಾಕಿತು, ಶ್ವಿನ್ ಮನೆತನದ ಕೈಯಿಂದ ಶ್ವಿನ್ ಹೋಯಿತು. ಹೆಸರು ಮಾತ್ರ ಕೈಯಿಂದ ಕೈಗೆ ಮಾರಾಟವಾಗುತ್ತಾ ಬಂದು, 2022ರಲ್ಲಿ ಪೊನ್ ಎಂಬ ಡಚ್ ಕಂಪನಿಯ ಪಾಲಾಯಿತು.