ಕೀಲಿಯನ್ನು ಕೆಲಸಕ್ಕೆ ಕೊಟ್ಟ ಡೆನಿಸ್ ರಿಚಿ

ರಬಕವಿ-ಬನಹಟ್ಟಿಯ ನೇಕಾರರ ಸಂಘವೊಂದರ ಕಂಪ್ಯೂಟರಿನಲ್ಲಿ ನೂಲಿನ ಲೆಕ್ಕದ ಕಡತವಿದೆ ಎಂದುಕೊಳ್ಳಿ. ಪ್ರತಿಯೊಬ್ಬ ಸದಸ್ಯರೂ ತಾವು ಒಯ್ದ ನೂಲನ್ನು ಅದರಲ್ಲಿ ದಾಖಲಿಸಬೇಕು. ಬೇರೆಯವರ ಲೆಕ್ಕವನ್ನು ಮಾತ್ರ ತಿದ್ದಬಾರದು. ಕಡತವನ್ನು ಎಲ್ಲರಿಗೂ ತೆರೆದಿಟ್ಟರೆ ಲೆಕ್ಕ ಕೆಡುತ್ತದೆ, ಮುಚ್ಚಿಟ್ಟರೆ ಕೆಲಸ ನಿಲ್ಲುತ್ತದೆ. ಇಂಥ ಇಕ್ಕಟ್ಟಿಗೆ ದಾರಿ ತೋರಿಸಿದವರು ಡೆನಿಸ್ ರಿಚಿ.

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ತಂದೆ ಬೆಲ್ ಲ್ಯಾಬ್ಸ್‌ನಲ್ಲಿ ವಿಜ್ಞಾನಿ. ಹಾರ್ವರ್ಡ್‌ನಲ್ಲಿ ಭೌತವಿಜ್ಞಾನ, ಗಣಿತ ಓದಿದ ಮಗನೂ 1967ರಲ್ಲಿ ಅಲ್ಲಿಗೇ ಸೇರಿದರು. 1969ರಲ್ಲಿ ಕೆನ್ ಥಾಂಪ್ಸನ್ ಆರಂಭಿಸಿದ ಯುನಿಕ್ಸ್‌ನ ಕೆಲಸಕ್ಕೆ ಜೊತೆಯಾದರು. ಸಿ ಭಾಷೆಯನ್ನು ರೂಪಿಸಿದವರೂ ಅವರೇ.

ಯುನಿಕ್ಸ್‌ನಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಬಳಸುತ್ತಿದ್ದರು. ಹಾಗಾಗಿ ಯಾವ ಕಡತವನ್ನು ಯಾರು ಓದಬಹುದು, ಬರೆಯಬಹುದು, ಚಲಾಯಿಸಬಹುದು ಎಂಬ ಅನುಮತಿಗಳು ಬೇಕಾದವು. ಪ್ರೋಗ್ರಾಮೊಂದು ಸಾಮಾನ್ಯವಾಗಿ ಅದನ್ನು ಚಲಾಯಿಸಿದವರ ಅಧಿಕಾರದಲ್ಲೇ ಓಡುತ್ತದೆ. ಒಂದು ಪುಟ್ಟ ಗುರುತು ಹಾಕಿದರೆ ಅದು ತನ್ನ ಮಾಲೀಕರ ಅಧಿಕಾರದಲ್ಲಿ ಓಡಲಿ ಎಂಬುದು ರಿಚಿಯವರ ಉಪಾಯ. 1973ರಲ್ಲಿ ಅರ್ಜಿ ಹಾಕಿದ ಈ ಉಪಾಯಕ್ಕೆ 1979ರಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ಅದನ್ನು ಸಾರ್ವಜನಿಕರಿಗೇ ಬಿಟ್ಟುಕೊಡಲಾಯಿತು.

ಇದೇ ಸೌಲಭ್ಯ ಗುಂಪುಗಳಿಗೂ ಬಂತು. ಯುನಿಕ್ಸ್ ಮಾದರಿಯಲ್ಲೇ 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರೂಪಿಸಿದ ಲಿನಕ್ಸ್‌ನಲ್ಲೂ ಇದು ಇದೆ. ಅನುಮತಿಗಳ ಸಾಲಿನಲ್ಲಿ ಗುಂಪಿನ 'ಎಕ್ಸ್' ಇರಬೇಕಾದಲ್ಲಿ 'ಎಸ್' ಕಂಡರೆ, ಆ ಪ್ರೋಗ್ರಾಮು ಗುಂಪಿನ ಅಧಿಕಾರದಲ್ಲಿ ಓಡುತ್ತದೆ ಎಂದರ್ಥ.

ಹಾಗಿದ್ದರೆ ಎಲ್ಲರನ್ನೂ ಗುಂಪಿಗೆ ಸೇರಿಸಿದರೂ ಆಯಿತಲ್ಲ ಎಂದು ಹಲವರು ತಿಳಿಯುತ್ತಾರೆ. ಎರಡೂ ಒಂದೇ ಅಲ್ಲ. ಗುಂಪಿಗೆ ಸೇರಿದವರು ಯಾವ ಪ್ರೋಗ್ರಾಮಿನಿಂದಲಾದರೂ ಲೆಕ್ಕವನ್ನು ತಿದ್ದಬಲ್ಲರು. ಗುರುತು ಹಾಕಿದ ಪ್ರೋಗ್ರಾಮಿನ ಮೂಲಕ ಹೋದವರಿಗೆ ಅದು ಬಿಟ್ಟಷ್ಟೇ ದಾರಿ: ತಮ್ಮ ಲೆಕ್ಕ ಬರೆಯುವುದು, ಹೊರಬರುವುದು. ಕೀಲಿ ಇರುವುದು ವ್ಯಕ್ತಿಯ ಕೈಯಲ್ಲಲ್ಲ, ಕೆಲಸದ ಕೈಯಲ್ಲಿ.

ಅಪಾಯವಿರುವುದೂ ಇಲ್ಲೇ. ಆ ಪ್ರೋಗ್ರಾಮಿನಲ್ಲಿ ದೋಷವಿದ್ದರೆ ಗುಂಪಿನ ಅಧಿಕಾರವೆಲ್ಲ ಕಳ್ಳನ ಪಾಲಾಗುತ್ತದೆ. ಆದ್ದರಿಂದ ಈ ಗುರುತನ್ನು ಅನಿವಾರ್ಯವಾದಲ್ಲಿ ಮಾತ್ರ ಹಾಕಬೇಕು. ಶೆಲ್ ಸ್ಕ್ರಿಪ್ಟ್‌ಗಳ ಮೇಲೆ ಹಾಕಿದರೆ ಲಿನಕ್ಸ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

1983ರಲ್ಲಿ ರಿಚಿ ಮತ್ತು ಥಾಂಪ್ಸನ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ರಿಚಿ 2007ರಲ್ಲಿ ನಿವೃತ್ತರಾದರು. 2011ರ ಅಕ್ಟೋಬರ್‌ನಲ್ಲಿ ಸ್ಟೀವ್ ಜಾಬ್ಸ್ ತೀರಿಕೊಂಡ ಕೆಲವೇ ದಿನಗಳಲ್ಲಿ ರಿಚಿಯವರ ಸಾವಿನ ಸುದ್ದಿಯೂ ಬಂತು; ಅದು ಹೆಚ್ಚು ಜನರಿಗೆ ತಲುಪಲಿಲ್ಲ. ಆದರೆ ನಿಮ್ಮ ಆಂಡ್ರಾಯ್ಡ್ ಫೋನಿನ ಒಡಲಲ್ಲಿರುವುದು ಲಿನಕ್ಸ್. ಒಂದು ಆ್ಯಪ್‌ನ ಕಡತಕ್ಕೆ ಇನ್ನೊಂದು ಕೈಹಾಕದಂತೆ ಅಲ್ಲಿ ಕಾಯುತ್ತಿರುವುದು ಯುನಿಕ್ಸ್‌ನಿಂದ ಬಂದ ಅದೇ ಅನುಮತಿಗಳ ಲೆಕ್ಕಾಚಾರ.