ಉಪ್ಪುನೀರಿನ ಲೆಕ್ಕ ಹಾಕಿದ ಘೋಷ್ ಸಾಹೇಬರು

ನಮ್ಮ ತುರ್ವಿಹಾಳದ ಕಡೆ ಕಾಲುವೆ ನೀರು ಉಣ್ಣೋ ಕೆಲವು ಗದ್ದೆಗಳಲ್ಲಿ ಬೇಸಿಗೆ ಬಂದರೆ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಏಳುತ್ತದೆ. ಸವಳು ಅಂತಾರೆ. ಮಣ್ಣು ಪರೀಕ್ಷೆ ಕಾರ್ಡಿನಲ್ಲಿ ಇ.ಸಿ. ಅಂತ ಒಂದು ಸಾಲು ಇರುತ್ತೆ, ಅಂದರೆ ಎಲೆಕ್ಟ್ರಿಕಲ್ ಕಂಡಕ್ಟಿವಿಟಿ. ಉಪ್ಪು ಜಾಸ್ತಿಯಾದಷ್ಟೂ ಆ ನಂಬರ್ ಏರುತ್ತೆ. ಫಸ್ಟ್ ಇಯರ್ ಲ್ಯಾಬಲ್ಲಿ ನಾವೂ ಕಂಡಕ್ಟಿವಿಟಿ ಅಳೆದವರೇ, ಆದ್ರೆ ರೀಡಿಂಗ್ ಬರೆದು ಸೈನ್ ಹಾಕಿಸಿಕೊಂಡು ಬಂದ್ವಿ ಅಷ್ಟೇ. ಆಮೇಲೆ ಇದರ ಹಿಂದೆ ಯಾರಿದ್ದಾರೆ ಅಂತ ಹುಡುಕಿದಾಗ ಸಿಕ್ಕವರು ಜ್ಞಾನಚಂದ್ರ ಘೋಷ್.

ಘೋಷ್ ಹುಟ್ಟಿದ್ದು 1894ರಲ್ಲಿ, ಪುರುಲಿಯಾದಲ್ಲಿ. ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರೇ ಅವರ ಶಿಷ್ಯ. ಸಹಪಾಠಿಗಳು ಯಾರು ಗೊತ್ತಾ? ಸತ್ಯೇಂದ್ರನಾಥ ಬೋಸ್, ಮೇಘನಾದ ಸಾಹಾ. ಎಂಥಾ ಬ್ಯಾಚ್ ನೋಡಿ!

ಆ ಕಾಲದಲ್ಲಿ ಅರ್ಹೇನಿಯಸ್ ಥಿಯರಿ ನಡೀತಿತ್ತು. ಉಪ್ಪು ನೀರಲ್ಲಿ ಸ್ವಲ್ಪ ಭಾಗ ಮಾತ್ರ ಅಯಾನುಗಳಾಗಿ ಒಡೆಯುತ್ತೆ ಅನ್ನೋದು ಅದರ ವಾದ. ಅಡುಗೆ ಉಪ್ಪಿನಂಥವಕ್ಕೆ ಆ ಲೆಕ್ಕ ಕೂಡುತ್ತಲೇ ಇರಲಿಲ್ಲ. 1918ರಲ್ಲಿ, ಇನ್ನೂ 24ರ ಹುಡುಗ ಘೋಷ್, ಉಪ್ಪು ಪೂರ್ತಿ ಒಡೆದೇ ಇರುತ್ತೆ ಅಂದರು. ಅಯಾನುಗಳು ಹರಳಿನಲ್ಲಿದ್ದ ಹಾಗೆ ಸಾಲಾಗಿ ಒಂದನ್ನೊಂದು ಎಳೆದು ಹಿಡಿದಿರುತ್ತವೆ, ಆ ಹಿಡಿತ ಬಿಡಿಸಿಕೊಳ್ಳುವಷ್ಟು ಶಕ್ತಿ ಇದ್ದವು ಮಾತ್ರ ಕರೆಂಟ್ ಒಯ್ಯುತ್ತವೆ. ಇದು ಅವರ ಚಿತ್ರ.

ಈ ಚಿತ್ರದಲ್ಲಿ ಅರ್ಧ ಸರಿ, ಅರ್ಧ ತಪ್ಪು. ಪೂರ್ತಿ ಒಡೆಯುತ್ತೆ ಅನ್ನೋದು ನಿಂತಿತು. ಸಾಲು ಸಾಲು ಅನ್ನೋದು ನಿಲ್ಲಲಿಲ್ಲ. 1923ರಲ್ಲಿ ಡಿಬೈ ಮತ್ತು ಹುಕೆಲ್ ಬಂದು, ಪ್ರತಿ ಅಯಾನಿನ ಸುತ್ತ ವಿರುದ್ಧ ಚಾರ್ಜಿನ ಮೋಡ ಇರುತ್ತೆ ಅಂದರು. ಅವರಲ್ಲೂ ಕೊರತೆ ಇತ್ತು. ನಾರ್ವೆಯ ಲಾರ್ಸ್ ಆನ್ಸಾಗರ್ ಅನ್ನೋ ಹುಡುಗ ಜ್ಯೂರಿಕ್‌ಗೆ ಹೋಗಿ ಡಿಬೈ ಅವರಿಗೇ ನಿಮ್ಮ ಥಿಯರಿ ಸರಿಯಿಲ್ಲ ಅಂತ ಮುಖಕ್ಕೆ ಹೇಳಿ, ಬೈಸಿಕೊಳ್ಳೋ ಬದಲು ಅಲ್ಲೇ ಕೆಲಸ ಗಿಟ್ಟಿಸಿದ! ಮುಂದೆ 1968ರಲ್ಲಿ ಬೇರೊಂದು ಸಂಶೋಧನೆಗೆ ನೊಬೆಲ್ ಕೂಡ ಬಂತು. ಪಠ್ಯದಲ್ಲಿ ಸಮೀಕರಣಕ್ಕೆ ಡಿಬೈ-ಹುಕೆಲ್-ಆನ್ಸಾಗರ್ ಅಂತ ಹೆಸರು. ಘೋಷ್ ಹೆಸರು ಬಿಟ್ಟುಹೋಯ್ತು. ನಮಗಂತೂ ಇದು ಸ್ವಲ್ಪ ಬೇಜಾರೇ.

ಅವರೇನೂ ಅಲ್ಲಿಗೇ ನಿಲ್ಲಲಿಲ್ಲ. ಢಾಕಾದಲ್ಲಿ ವರ್ಷಗಟ್ಟಲೆ ಕೆಮಿಸ್ಟ್ರಿ ವಿಭಾಗ ಕಟ್ಟಿ, 1939ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಡೈರೆಕ್ಟರ್ ಆಗಿ ಬಂದರು. ಎರಡನೇ ಮಹಾಯುದ್ಧದ ಕಾಲ. ಪಕ್ಕದಲ್ಲೇ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಗಿತ್ತು, ವಿಮಾನ ಗೊತ್ತಿರೋ ಇಂಜಿನಿಯರ್‌ಗಳು ಬೇಕಿತ್ತು. 1942ರಲ್ಲಿ ಏರೋನಾಟಿಕಲ್ ವಿಭಾಗ ತೆರೆದರು, ವಿ.ಎಂ. ಘಾಟಗೆ ಅದರ ಮುಖ್ಯಸ್ಥ. ಆಮೇಲೆ ಮೆಟಲರ್ಜಿ, ಇಂಟರ್ನಲ್ ಕಂಬಶ್ಚನ್ ಇಂಜಿನಿಯರಿಂಗ್. ಮುಖ್ಯವಾಗಿ ವಿಜ್ಞಾನ ಸಂಶೋಧನೆಯ ಜಾಗವಾಗಿದ್ದದ್ದು ಇಂಜಿನಿಯರಿಂಗ್‌ಗೂ ದೊಡ್ಡ ಹೆಸರಾಯ್ತು. ಇದನ್ನು ಮಾಡಿದ್ದು ಒಬ್ಬ ಥಿಯರಿ ಕೆಮಿಸ್ಟ್ ಅನ್ನೋದು ನಮಗೆ ಗೊತ್ತೇ ಇರಲಿಲ್ಲ.

ಖರಗ್‌ಪುರದಲ್ಲಿ ದೇಶದ ಮೊದಲ ಐ.ಐ.ಟಿ. ಶುರುವಾದಾಗ ಮೊದಲ ಡೈರೆಕ್ಟರ್ ಕೂಡ ಅವರೇ. 1951ರಲ್ಲಿ ತರಗತಿ ನಡೆದದ್ದು ಹಿಜ್ಲಿಯ ಹಳೇ ಜೈಲು ಕಟ್ಟಡದಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗ ಅದು.

1959ರ ಜನವರಿ 21ರಂದು ತೀರಿಕೊಂಡಾಗ ಘೋಷ್ ಯೋಜನಾ ಆಯೋಗದ ಸದಸ್ಯರಾಗಿದ್ದರು. ಖರಗ್‌ಪುರದ ಕ್ಯಾಂಪಸ್ಸಿನಲ್ಲಿ ಹುಡುಗರು ಆಡೋ ಸ್ಟೇಡಿಯಂಗೆ ಇವತ್ತಿಗೂ ಅವರದೇ ಹೆಸರು.